ಓಲ್ಡಾನ್ ವೆಂಕಟರತ್ನಮ್ಮ

ಉರಿಗಾಂನ ಚಿನ್ನದ ಗಣಿ ಆಸ್ಪತ್ರೆಯ ಉದ್ದನೆಯ ವರಾಂಡದಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸರದಿಗೆ ಕಾಯುತ್ತಿದ್ದೆ. 1990ರ ಮಾತು. ಐದು ವರ್ಷದ ಪುಟ್ಟಿಗೆ ಮೂರು ವಾರದಿಂದ ಉಬ್ಬಸ. ಎದೆಯೊಳಗೆ ಯಾರೋ ಪೀಪಿ ಊದಿದ ಹಾಗೆ ಸದ್ದು. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲೇ ಓದಿ, ಗಂಡನಿಗೆ ಗಣಿ ಕಚೇರಿಯಲ್ಲಿ ಗುಮಾಸ್ತೆ ಕೆಲಸವೆಂದು ಬಂಗಾರಪೇಟೆಯಲ್ಲಿ ಸಂಸಾರ ಹೂಡಿದವಳು ನಾನು. ಮಗು ಒಂದು ಸೀನು ಸೀನಿದರೆ ನನಗೆ ಹತ್ತು ಕಾಯಿಲೆಯ ಹೆಸರು ನೆನಪಾಗುತ್ತವೆ. ಅವತ್ತೂ ಹಾಗೇ ಒಂದೊಂದು ಹೆಸರು ನೆನೆಸಿಕೊಂಡು ಬೆವರುತ್ತಿರುವಾಗ, ಎದುರಿನ ಮುಚ್ಚಿದ ಬಾಗಿಲ ಹಿಂದಿನಿಂದ ಒಂದು ಹೆಂಗಸಿನ ಗಟ್ಟಿ ದನಿ ಕೇಳಿತು.

"ಓಲ್ಡಾನ್!"

ಎರಡು ಕ್ಷಣ ಸದ್ದಿಲ್ಲ. ಆಮೇಲೆ, "ರೈಟ್! ರೈಟ್ ರೈಟ್ ರೈಟ್, ಪೋಲಾಂ ರೈಟ್! ಇನ್ನೂ, ಇನ್ನೂ ಓಗ್ಲಿ..."

ಆಸ್ಪತ್ರೆಯೊಳಗೆ ಬಸ್ಸು ಎಲ್ಲಿಂದ ಬಂತು ಎಂದು ಬೆಪ್ಪಾಗಿ ಸುತ್ತ ನೋಡಿದೆ. ಪಕ್ಕದಲ್ಲಿ ತಲೆಗೆ ಮಫ್ಲರ್ ಸುತ್ತಿಕೊಂಡಿದ್ದ ಮುದುಕರೊಬ್ಬರು ನಕ್ಕರು.

"ಎದ್ರಕಾಬೇಡ ತಾಯಿ. ಅದು ನಮ್ಮ ಓಲ್ಡಾನಮ್ಮ. ಸೀಮೆಗೋಗಿ ಓದ್ಕಂಡ್ ಬಂದವ್ರೆ."

"ಏನು ಓದಿದ್ದಾರೆ?"

"ಬಸ್ಸು," ಎಂದರು ಮುದುಕರು. ತಮ್ಮ ಮಾತಿಗೆ ತಾವೇ ನಕ್ಕು, ನಕ್ಕಿದ್ದಕ್ಕೆ ಐದು ನಿಮಿಷ ಕೆಮ್ಮಿದರು.

ಒಳಗೆ ಹೋದಾಗ ಕಂಡದ್ದು ಒಂದು ಲೋಹದ ಪೆಟ್ಟಿಗೆ, ಅದರಿಂದ ಹೊರಟ ಸುರುಳಿ ಕೊಳವೆ, ಗೆರೆ ಎಳೆಯುವ ಸೂಜಿ, ಮತ್ತು ಬಿಳಿ ಕೋಟು ತೊಟ್ಟ ಮೂವತ್ತಾರು ವಯಸ್ಸಿನ ಕಪ್ಪನೆಯ ಹೆಂಗಸು. ಎದೆಯಲ್ಲಿ ಎಷ್ಟು ಉಸಿರಿದೆ ಎಂದು ಅಳೆಯುವ ಯಂತ್ರ ಅದು. ಮಗು ಹೆದರಿ ಅಳುತ್ತದೆ, ಅತ್ತರೆ ಉಬ್ಬಸ ಜಾಸ್ತಿಯಾಗುತ್ತದೆ ಎಂದು ನಾನು ಮೊದಲೇ ಹೇಳತೊಡಗಿದೆ. ಆಕೆ ನನ್ನ ಕಡೆ ನೋಡಲೇ ಇಲ್ಲ.

"ಪಾಪು, ನೀನು ಡ್ರೈವರು, ನಾನು ಕಂಡಕ್ಟರು. ಓಲ್ಡಾನ್ ಅಂದ್ರೆ ಏನ್ಮಾಡ್ಬೇಕು?"

"ನಿಲ್ಲಿಸ್ಬೇಕು."

"ರೈಟ್ ಅಂದ್ರೆ?"

"ಬಿಡ್ಬೇಕು!"

"ನಿಮ್ಮಮ್ಮಂಗಿಂತ ನೀನೇ ಜಾಣೆ. ಎಲ್ಲಿ, ಉಸ್ರು ತುಂಬ್ಕೋ. ಓಲ್ಡಾನ್!"

ಪುಟ್ಟಿ ಕೆನ್ನೆ ಉಬ್ಬಿಸಿ ನಿಂತಳು. ರೈಟ್ ಎಂದಾಗ ಊದಿದಳು. ಅಳಲಿಲ್ಲ.

ಆಮೇಲೆ ಎರಡು ತಿಂಗಳು, ವಾರಕ್ಕೊಮ್ಮೆ ನಾವು ಅಲ್ಲಿಗೆ ಹೋಗಬೇಕಾಯಿತು. ಸಂಜೆ ಉರಿಗಾಂ ಸ್ಟೇಷನ್ನಿನಲ್ಲಿ ಬಂಗಾರಪೇಟೆಯ ರೈಲು ಕಾಯುವಾಗ ಆಕೆಯೂ ಅದೇ ಬೆಂಚಿಗೆ ಬರುತ್ತಿದ್ದರು. ವೆಂಕಟರತ್ನಮ್ಮ ಅವರ ಹೆಸರು. ರೈಲು ಇಳಿದು ಅವರು ಬೂದಿಕೋಟೆಯ ಬಸ್ಸು ಹಿಡಿಯಬೇಕು. ಕಾಯುವುದೆಂದರೆ ನನಗೆ ಕಳವಳ, ಅವರಿಗೆ ಕತೆ ಹೇಳುವ ಹೊತ್ತು. ಇದು ಆ ಬೆಂಚಿನ ಮೇಲೆ ಕೇಳಿದ್ದು.

*

ವೆಂಕಟರತ್ನಮ್ಮನ ತಂದೆ ಮುನಿಸ್ವಾಮಪ್ಪ ಇಪ್ಪತ್ತೆಂಟು ವರ್ಷ ಉರಿಗಾಂ ಗಣಿಯ ಆಳದಲ್ಲಿ ಬಂಡೆ ಕೊರೆದವರು. ಮೇಲೆ ಬಂದಾಗ ಉಸಿರು ಅರ್ಧ ಕೆಳಗೇ ಉಳಿದಿತ್ತು. ಬೂದಿಕೋಟೆಗೆ ಮರಳಿ ಎರಡು ಹಸು ಕಟ್ಟಿಕೊಂಡರು. ಕೊಟ್ಟಿಗೆಯಿಂದ ಬಾವಿಗೆ ನೀರಿಗೆ ಹೋಗಬೇಕಾದರೆ ನಡುವೆ ಎರಡು ಸಲ ಕೂರುತ್ತಿದ್ದರು. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ, ಎಕ್ಸ್‌ರೇ ತೆಗೆಯುವ ತರಬೇತಿ ಪಡೆದು, ಅಪ್ಪ ಕೆಲಸ ಮಾಡಿದ ಗಣಿಯ ಆಸ್ಪತ್ರೆಯಲ್ಲೇ ಸೇರಿಕೊಂಡಳು. ಮೊದಲ ವಾರವೇ ಅಪ್ಪನ ಎದೆಯ ಚಿತ್ರ ತೆಗೆದು ಬೆಳಕಿಗೆ ಹಿಡಿದು ತೋರಿಸಿದಳು.

ಮುನಿಸ್ವಾಮಪ್ಪ ಬಹಳ ಹೊತ್ತು ನೋಡಿದರು. "ಪೋಟೋ ಚೆನ್ನಾಗೈತೆ ಕಣಮ್ಮ. ಎಲುಬೆಲ್ಲ ಐತೆ. ಉಸ್ರು ಎಲ್ಲೈತೆ?"

ಆ ಪ್ರಶ್ನೆಯನ್ನು ಮಗಳು ಆಸ್ಪತ್ರೆಗೆ ಹೊತ್ತು ತಂದಳು. ಉಸಿರು ಅಳೆಯುವ ಯಂತ್ರವನ್ನು ಹೊರಗಿನಿಂದ ತರಿಸಬಹುದು, ಆದರೆ ಅದನ್ನು ನಡೆಸಲು ಕಲಿತವರು ಬೇಕು ಎಂದು ದೊಡ್ಡ ಡಾಕ್ಟರು ಹೇಳಿದರು. 1981ರಲ್ಲಿ ನೋಟಿಸ್ ಬೋರ್ಡಿಗೆ ಒಂದು ಸುತ್ತೋಲೆ ಅಂಟಿಸಿದರು. ಇಂಗ್ಲೆಂಡಿನ ಶೆಫೀಲ್ಡ್ ಎಂಬ ಊರಿನಲ್ಲಿ, ಕಲ್ಲಿದ್ದಲು ಗಣಿಯವರ ಎದೆ ಪರೀಕ್ಷೆ ಮಾಡುವುದನ್ನು ಕಲಿಸುವ ಒಂಬತ್ತು ತಿಂಗಳ ಓದು. ಹೋಗಿಬರುವ ಖರ್ಚು ಕಲಿಸುವವರದೇ. ಅರ್ಜಿ ಹಾಕಿದ ಮೂವರಲ್ಲಿ ಆಯ್ಕೆಯಾದದ್ದು ಇಪ್ಪತ್ತೇಳರ ಈ ಹುಡುಗಿ. "ಸರ್ಟಿಫಿಕೇಟ್ ತಗೊಂಡು ಬಾ, ಯಂತ್ರ ತರಿಸೋಣ," ಎಂದರು ಡಾಕ್ಟರು. "ಬರಿಗೈಲಿ ಬಂದರೆ ತರಿಸಿ ಏನು ಮಾಡೋಣ?"

ತಾಯಿ ಮುನಿನಾರಾಯಣಮ್ಮ ಮೂರು ದಿನ ಮಾತು ಬಿಟ್ಟರು. ಅಪ್ಪ ಕೇಳಿದ್ದು ಒಂದೇ ಮಾತು.

"ಆ ಊರಲ್ಲಿ ಬಸ್ಸೈತಾ?"

"ಐತಂತೆ ಅಪ್ಪ."

"ಅಂಗಾದ್ರೆ ಓಗು. ನೀನು ಬಸ್ಸಲ್ಲಿ ಬೆಳ್ದೋಳು."

ಅದು ನಿಜ. ಹತ್ತು ವರ್ಷದಿಂದ ಬೂದಿಕೋಟೆ ಬಸ್ಸು ಆಕೆಗೆ ಇನ್ನೊಂದು ಮನೆಯಾಗಿತ್ತು. ಕಿಟಕಿಯೊಳಗೆ ಕರ್ಚೀಫು ಎಸೆದು ಸೀಟು ಹಿಡಿಯುವುದು, ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಗೆ ಜಾಗ ಮಾಡಿಕೊಳ್ಳುವುದು, ಎಲ್ಲ ಗೊತ್ತು. ಕಂಡಕ್ಟರ್ ದೊಡ್ಡವೆಂಕಟಪ್ಪ "ಓಲ್ಡಾನ್" ಎಂದರೆ ಬಸ್ಸು ನಿಲ್ಲುತ್ತದೆ, "ರೈಟ್" ಎಂದರೆ ಹೊರಡುತ್ತದೆ. ಬೆಲ್ಲಿನ ಹಗ್ಗ ಮಾತ್ರ ಯಾರೂ ಮುಟ್ಟುವಂತಿಲ್ಲ. ಯಾರಾದರೂ ಕೈ ಹಾಕಿದರೆ ದೊಡ್ಡವೆಂಕಟಪ್ಪನ ಮೈಮೇಲೆ ಬರುತ್ತಿತ್ತು. "ಯಾವನ್ಲಾ ಅದು ಬೆಲ್ ಮುಟ್ಟಿದ್ದು? ಕಂಡಕ್ಟರ್ ನೀನಾ ನಾನಾ? ಬಾಯಿಲ್ವಾ? ಓಲ್ಡಾನ್ ಅನ್ಲಾ!"

"ಓಲ್ಡಾನ್ ಅನ್ನೋದು ಇಂಗ್ಲಿಷ್ ಮಾತು ಅಂತ ನಂಗೆ ಸತ್ಯವಾಗ್ಲೂ ಗೊತ್ತಿರ್ಲಿಲ್ಲ ಕಣಮ್ಮ," ಎಂದರು ವೆಂಕಟರತ್ನಮ್ಮ. "ಬಸ್ ಭಾಷೆ ಅಂದ್ಕಂಡಿದ್ದೆ."

*

ಶೆಫೀಲ್ಡು ಗುಡ್ಡಗಳ ಮೇಲೆ ಕಟ್ಟಿದ ಊರು. ಒಂದು ರಸ್ತೆ ಏರಿದರೆ ಇನ್ನೊಂದು ಇಳಿಯುತ್ತದೆ. ವೆಂಕಟರತ್ನಮ್ಮನಿಗೆ ಹಾಸ್ಟೆಲಿನಲ್ಲಿ ಒಂದು ಕೋಣೆ. ವಾರದಲ್ಲಿ ಮೂರು ದಿನ ಊರೊಳಗೇ ಪಾಠ. ಮಂಗಳವಾರ, ಗುರುವಾರ ಮಾತ್ರ ಊರಾಚೆಯ ಒಂದು ಗಣಿ ಹಳ್ಳಿಯ ಕ್ಲಿನಿಕ್ಕಿಗೆ ಹೋಗಬೇಕು. ಎರಡು ಬಸ್ಸು ಬದಲಿಸಬೇಕು. ಕಲಿಸುವ ಮಿಸೆಸ್ ಕ್ರಾಸ್ಲಿ ಮೊದಲ ದಿನವೇ ನಿಯಮ ಹೇಳಿದರು. ಒಂಬತ್ತಕ್ಕೆ ಕ್ಲಿನಿಕ್ಕಿನಲ್ಲಿ ಇರಬೇಕು. ತಡವಾದರೆ ರಿಜಿಸ್ಟರಿನಲ್ಲಿ ಕೆಂಪು ಗೀಟು. ಮೂರು ಕೆಂಪು ಗೀಟು ಬಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆ ಇಲ್ಲವೆಂದರೆ ಸರ್ಟಿಫಿಕೇಟ್ ಇಲ್ಲ.

"ಸರ್ಟಿಫಿಕೇಟ್ ಇಲ್ದಿದ್ರೆ ಯಂತ್ರ ಇಲ್ಲ," ಎಂದು ವೆಂಕಟರತ್ನಮ್ಮ ಬೆಂಚಿನ ಮೇಲೆ ಬೆರಳಿನಿಂದ ಮೂರು ಗೀಟು ಎಳೆದು ತೋರಿಸಿದರು.

ನಾನಾಗಿದ್ದರೆ ಅವತ್ತು ರಾತ್ರಿಯೇ ಜ್ವರ ಬಂದು ಮಲಗುತ್ತಿದ್ದೆ.

ಮೊದಲ ಗೀಟು ಮೊದಲ ವಾರವೇ ಬಿತ್ತು. ಹೇಳಿದ ಸ್ಟಾಪಿನಲ್ಲಿ ಹೇಳಿದ ಹೊತ್ತಿಗೆ ಹೋಗಿ ನಿಂತಳು. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಬೂದಿಕೋಟೆಯಲ್ಲಿ ಹೊಲದ ಬದುವಿನ ಮೇಲೆ ಯಾರಾದರೂ ಓಡಿಬರುತ್ತಿದ್ದರೆ ಬಸ್ಸು ನಿಂತು ಕಾಯುತ್ತದೆ. ಇಲ್ಲಿ ಸ್ಟಾಪಿನ ಕಂಬಕ್ಕೆ ಒರಗಿ ನಿಂತರೂ ಕೈ ಚಾಚದಿದ್ದರೆ ನಿಲ್ಲಿಸುವುದಿಲ್ಲ! ಮೂರನೆಯದಕ್ಕೆ ಒಬ್ಬ ಅಜ್ಜಿ ಬಂದು ಕೈ ಚಾಚಿದಳು. ಬಸ್ಸು ನಿಂತ ಕೂಡಲೇ ವೆಂಕಟರತ್ನಮ್ಮ ಅಭ್ಯಾಸಬಲದಿಂದ ಅಜ್ಜಿಯನ್ನು ಪಕ್ಕಕ್ಕೆ ತಳ್ಳಿ ಮೊದಲು ಹತ್ತಿದಳು. ಒಳಗೆ ನೋಡಿದರೆ ಮುಕ್ಕಾಲು ಬಸ್ಸು ಖಾಲಿ.

"ಆ ಮುದುಕಿ ನನ್ನ ನೋಡಿದ ನೋಟ! ಇವತ್ತಿಗೂ ಬಸ್ ಅತ್ತುವಾಗ ಬೆನ್ನಿಗೆ ಚುಚ್ಚತ್ತೆ."

ಡ್ರೈವರೇ ಟಿಕೆಟ್ ಕೊಡುತ್ತಾನೆ. ಕೊಟ್ಟು "ಥ್ಯಾಂಕ್ಸ್, ಲವ್" ಎಂದ. ಬೂದಿಕೋಟೆಯ ಹುಡುಗಿಯ ಕಿವಿ ಕೆಂಪಾಯಿತು. ಸೆರಗು ಬಿಗಿಯಾಗಿ ಹೊದ್ದು ಹಿಂದಿನ ಸೀಟಿನಲ್ಲಿ ಕೂತಳು. ಮುಂದಿನ ಸ್ಟಾಪಿನಲ್ಲಿ ಹತ್ತಿದ ಎಪ್ಪತ್ತರ ಮುದುಕನಿಗೂ ಡ್ರೈವರ್ "ಲವ್" ಎಂದಾಗ ಸಮಾಧಾನವಾಯಿತು. ಅಲ್ಲಿ ಅದು ನಮ್ಮ "ಅಣ್ಣಾ, ಅಕ್ಕಾ" ಇದ್ದ ಹಾಗೆ. ಆದರೂ ಊರಿಗೆ ಬರೆದ ಕಾಗದದಲ್ಲಿ ಆ ಸಂಗತಿ ಬರೆಯಲಿಲ್ಲ.

ಎರಡನೆಯ ಗೀಟು ನವೆಂಬರಿನಲ್ಲಿ. ಕ್ಲಿನಿಕ್ಕಿನ ಸ್ಟಾಪಿನಲ್ಲಿ ಯಾವಾಗಲೂ ನಾಲ್ಕೈದು ಜನ ಇಳಿಯುತ್ತಿದ್ದರು. ಅವರಲ್ಲಿ ಯಾರೋ ಬೆಲ್ ಒತ್ತುತ್ತಿದ್ದರು, ಇವಳು ಅವರ ಹಿಂದೆ ಇಳಿಯುತ್ತಿದ್ದಳು. ಆ ಗುರುವಾರ ಅಲ್ಲಿ ಇಳಿಯುವವಳು ಇವಳೊಬ್ಬಳೇ. ಕೈಗೆಟಕುವಲ್ಲೇ ಬೆಲ್ಲಿನ ಗುಂಡಿ ಇತ್ತು. ಕೈ ಮೇಲೆ ಹೋಯಿತು, ಕಿವಿಯಲ್ಲಿ ದೊಡ್ಡವೆಂಕಟಪ್ಪ ಗದರಿದ, ಕೈ ಕೆಳಗೆ ಬಂತು. ಸ್ಟಾಪು ಕಿಟಕಿಯಲ್ಲಿ ಹಿಂದೆ ಹೋಗತೊಡಗಿತು. ಎದ್ದು ನಿಂತು, ಇದ್ದಬದ್ದ ಉಸಿರೆಲ್ಲ ಹಾಕಿ ಕೂಗಿದಳು.

"ಓಲ್ಡಾನ್! ಓಲ್ಡಾನ್!"

ಇಡೀ ಬಸ್ಸು ಗಬಕ್ಕನೆ ಕಂಬಿ ಹಿಡಿದುಕೊಂಡಿತು. ಒಬ್ಬಾಕೆ ಮಗುವನ್ನು ಎದೆಗವಚಿಕೊಂಡಳು. ಇನ್ನೊಬ್ಬ ಹ್ಯಾಟು ಹಿಡಿದುಕೊಂಡ. ಎಲ್ಲರೂ ಕಣ್ಣರಳಿಸಿ ಏನಾಗುತ್ತದೆ ಎಂದು ಕಾದರು. ಏನೂ ಆಗಲಿಲ್ಲ. ಬಸ್ಸು ತನ್ನ ಪಾಡಿಗೆ ಇಳಿಜಾರು ಇಳಿದುಹೋಯಿತು.

"ಅವ್ರ ಭಾಷೇಲಿ ಅದಕ್ಕೆ ಗಟ್ಟಿಯಾಗಿ ಇಡ್ಕಳಿ ಅಂತ ಅರ್ಥ ಅಂತೆ ಕಣಮ್ಮ! ನಾನು ನಿಲ್ಸು ನಿಲ್ಸು ಅಂತಿದೀನಿ, ಅವ್ರು ಇಡ್ಕಳ್ತಾವ್ರೆ, ಇಡ್ಕಳ್ತಾವ್ರೆ!"

ಪುಟ್ಟಿ ಬೆಂಚಿನಿಂದ ಬೀಳುವಷ್ಟು ನಕ್ಕಳು. ಉಬ್ಬಸ ಬಂದೀತೆಂದು ನಾನು ಅವಳ ಬೆನ್ನು ಸವರಿದೆ.

"ಹೋಲ್ಡ್ ಆನ್," ಎಂದು ನಾನು ಬೆಂಗಳೂರು ಶಾಲೆಯ ಉಚ್ಚಾರದಲ್ಲಿ ತಿದ್ದಿದೆ. "ಹ ಇರಬೇಕಲ್ಲ ಅಕ್ಕ. ನೀವು ಓಲ್ಡಾನ್ ಅಂದರೆ ಅವರಿಗೆ ಹೇಗೆ ಅರ್ಥವಾಯಿತು?"

"ಅದೇ ನೋಡು ತಮಾಷೆ. ಆ ಊರೋರೂ ನಮ್ಮಂಗೇ, ಹ ಅನ್ನಲ್ಲ. ಅವ್ರೂ ಓಲ್ಡಾನ್ ಅನ್ನೋದೇ. ನೀನೋಗಿ ಹ ಹ ಅಂದಿದ್ರೆ ನಿನ್ನನ್ನ ಲಂಡನ್ನೋಳು ಅಂತಿದ್ರು."

ಮುಂದಿನ ಸ್ಟಾಪು ಗುಡ್ಡದ ಬುಡದಲ್ಲಿತ್ತು. ಅಲ್ಲಿಂದ ಏರು ಹತ್ತಿ ಬರುವಷ್ಟರಲ್ಲಿ ಒಂಬತ್ತೂ ಇಪ್ಪತ್ತು. ಮಿಸೆಸ್ ಕ್ರಾಸ್ಲಿ ರಿಜಿಸ್ಟರ್ ತೆರೆದರು. ಅಡಿಪಟ್ಟಿ ಇಟ್ಟು ನೇರವಾಗಿ ಗೀಟು ಎಳೆದರು.

*

ಆ ಭಾನುವಾರದಿಂದ ವೆಂಕಟರತ್ನಮ್ಮ ಬಸ್ಸನ್ನೇ ಓದಲು ಶುರುಮಾಡಿದಳು. ಉಳಿದವರು ಚಳಿಗೆ ಹಾಸ್ಟೆಲಿನಲ್ಲಿ ಮುದುಡಿ ಕೂತಿದ್ದರೆ ಇವಳು ಎರಡು ಸ್ವೆಟರ್ ಹಾಕಿ, ಸೀರೆಯ ಕೆಳಗೆ ಗಂಡಸರ ಬೂಟು ತೊಟ್ಟು ಹೊರಡುತ್ತಿದ್ದಳು. ಬಸ್ಸಿನಲ್ಲಿ ಹೋಗುವಾಗ ಒಂದೊಂದೇ ಸ್ಟಾಪಿನ ಹೆಸರು ಕನ್ನಡದಲ್ಲಿ ಬರೆದುಕೊಳ್ಳುವುದು, ಪಕ್ಕದಲ್ಲಿ ಗುರುತು: ಕಪ್ಪು ಚಿಮಣಿ, ಕುದುರೆ ಬೋರ್ಡಿನ ಹೆಂಡದಂಗಡಿ, ಮೀನು ಕರಿಯುವ ಅಂಗಡಿ, ಕೆಟ್ಟುನಿಂತ ಗಡಿಯಾರದ ಚರ್ಚು. ಬರುವಾಗ ಅದೇ ದಾರಿಯನ್ನು ಸ್ಟಾಪಿನಿಂದ ಸ್ಟಾಪಿಗೆ ನಡೆಯುವುದು. ಯಾವ ಏರಿಗೆ ಎಷ್ಟು ಹೊತ್ತು, ಎಲ್ಲಿ ಅಡ್ಡದಾರಿ, ಎಲ್ಲಿ ಕೂರಲು ಕಲ್ಲುಬೆಂಚು, ಎಲ್ಲ ಪುಸ್ತಕಕ್ಕೆ ಬಂತು. ಕೊನೆಗೆ ಒಂದು ಭಾನುವಾರ, ಇಳಿಯುವ ಅಗತ್ಯವಿಲ್ಲದಿದ್ದರೂ, ಬೇಕೆಂದೇ ಬೆಲ್ ಒತ್ತಿದಳು.

"ಒತ್ತಿ ಸುತ್ತ ನೋಡ್ದೆ. ಯಾರೂ ಬಯ್ಲಿಲ್ಲ. ಮುಂದಿನ ಸ್ಟಾಪಲ್ಲಿ ಇನ್ನೊಂದ್ ಸಲ ಒತ್ದೆ."

"ಕೋಣೆಯಲ್ಲೇ ಕೂತು ಅಳಬೇಕು ಅನ್ನಿಸಲಿಲ್ಲವಾ?" ಎಂದೆ.

"ಅತ್ರೆ ಬಸ್ ನಿಲ್ಲತ್ತಾ?"

ಡಿಸೆಂಬರ್ ಎರಡನೇ ವಾರ ಹಿಮ ಬಿತ್ತು. ಮಂಗಳವಾರ ಆರೂವರೆಗೆ ಎದ್ದು ಕಿಟಕಿ ತೆರೆದರೆ ಊರಿಗೆ ಊರೇ ರಾಗಿ ಹಿಟ್ಟಿನ ಮಿಲ್ಲಿನೊಳಗೆ ಕೂತ ಹಾಗೆ, ಬಣ್ಣ ಮಾತ್ರ ಬಿಳಿ. ರೇಡಿಯೋದಲ್ಲಿ ಅಗತ್ಯವಿಲ್ಲದವರು ಹೊರಗೆ ಹೋಗಬೇಡಿ ಎನ್ನುತ್ತಿದ್ದರು. ಕ್ಲಿನಿಕ್ ಇಲ್ಲ ಎಂದು ಯಾರೂ ಹೇಳಿರಲಿಲ್ಲ. ವೆಂಕಟರತ್ನಮ್ಮ ಹೊರಟಳು.

ಮೊದಲ ಬಸ್ಸು ಆಮೆಯ ಹಾಗೆ ಬಂತು. ಎರಡನೆಯದು ಬಂದದ್ದೇ ಪುಣ್ಯ. ಒಳಗೆ ಹತ್ತು ಹನ್ನೆರಡು ಜನ, ಹೆಚ್ಚಿನವರು ಮುದುಕರು. ಮುಂದುಗಡೆ ಕಂಬಿ ಹಿಡಿದು ನಿಂತು ಗಡಿಯಾರ ನೋಡಿದಳು. ಎಂಟೂ ಇಪ್ಪತ್ತು. ಇದೇ ಲೆಕ್ಕದಲ್ಲಿ ಹೋದರೆ ಒಂಬತ್ತಕ್ಕೆ ಕಾಲು ಗಂಟೆ ಮುಂಚೆಯೇ ಕ್ಲಿನಿಕ್ಕು. ಕುದುರೆ ಬೋರ್ಡು ದಾಟಿತು. ಬಸ್ಸು ಇಳಿಜಾರಿಗೆ ಹೊರಳಿತು. ಆಗ ಅವಳ ಕಣ್ಣಿಗೆ ರಸ್ತೆಯ ತಿರುವಿನಲ್ಲಿ ಕನ್ನಡಿಯ ಹಾಗೆ ಹೊಳೆಯುವ ಐಸು ಕಂಡಿತು. ಬಸ್ಸಿನ ಮೂತಿ ಒಂದು ಕಡೆ, ಬಾಲ ಇನ್ನೊಂದು ಕಡೆ ಹೋಗತೊಡಗಿತು. ಬೂದಿಕೋಟೆಯ ಬಾಯಿ ತಾನಾಗಿ ತೆರೆಯಿತು.

"ಓಲ್ಡಾನ್!"

ಅವಳು ಹೇಳಿದ್ದು ಡ್ರೈವರನಿಗೆ. ಕೇಳಿಸಿಕೊಂಡದ್ದು ಜನ. ಎಲ್ಲರ ಕೈಯೂ ಒಟ್ಟಿಗೆ ಕಂಬಿಗೆ ಹೋಯಿತು. ಬಸ್ಸು ಅಡ್ಡಡ್ಡ ಜಾರಿ, ಕಲ್ಲುಗೋಡೆಗೆ ಪಕ್ಕೆ ಉಜ್ಜಿಕೊಂಡು ನಿಂತಿತು. ಒಂದು ತರಕಾರಿ ಚೀಲ ಬಿದ್ದು ಆಲೂಗೆಡ್ಡೆ ಉರುಳಿದವು. ಜನ ಒಬ್ಬರೂ ಬೀಳಲಿಲ್ಲ.

ಡ್ರೈವರ್ ಮುಖ ಸುಣ್ಣದಂತಾಗಿತ್ತು. ತಿರುಗಿ ನೋಡಿ, "ಸರಿಯಾದ ಹೊತ್ತಿಗೆ ಕೂಗಿದೆ, ಲವ್," ಎಂದ. ಬಸ್ಸು ಮುಂದೆ ಹೋಗುವುದಿಲ್ಲ, ಎಲ್ಲರೂ ಇಳಿಯಿರಿ ಎಂದ.

ಕ್ಲಿನಿಕ್ಕಿಗೆ ಇನ್ನು ಐದು ಸ್ಟಾಪು. ಪುಸ್ತಕದ ಪ್ರಕಾರ ಇಪ್ಪತ್ತೈದು ನಿಮಿಷದ ನಡಿಗೆ. ಹಿಮದಲ್ಲಿ ಮೂವತ್ತು ಎಂದರೂ ಒಂಬತ್ತರೊಳಗೆ ತಲುಪಬಹುದು. ವೆಂಕಟರತ್ನಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ಹೆಜ್ಜೆ ಹಾಕಿದಳು. ಹತ್ತು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಒಂದು ಕೆಮ್ಮು ಕೇಳಿತು.

"ಆ ಕೆಮ್ಮು ನಂಗೊತ್ತು ಕಣಮ್ಮ. ಉಟ್ಟಿದಾಗ್ಲಿಂದ ಕೇಳಿದೀನಿ. ಎದೆಯಿಂದ ಬರಲ್ಲ ಅದು, ಇನ್ನೂ ಕೆಳಗಿಂದ, ಕಲ್ಲಿಂದ ಬರತ್ತೆ."

ಗೋಡೆಗೆ ಕೈಕೊಟ್ಟು ನಿಂತಿದ್ದವನು ವಿಲ್ಫ್ರೆಡ್ ಎಂಬ ಮುದುಕ. ನಲವತ್ತು ವರ್ಷ ಕಲ್ಲಿದ್ದಲು ಅಗೆದವನು. ಅದೇ ಕ್ಲಿನಿಕ್ಕಿಗೆ ಬರುವ ರೋಗಿ. ಇವಳ ಬಾಯಲ್ಲಿ ಅವನು ವಿಲ್ಫ್ರೆಡಪ್ಪ. ಅವನ ಪರೀಕ್ಷೆ ಅವತ್ತು ಒಂಬತ್ತೂವರೆಗೆ. ಅದಕ್ಕೆ ಮುಂಚೆ ಎರಡು ಸಲ ಬಂದಿದ್ದ. ಮೂರು ಸಲ ಊದಿದರೆ ಮೂರೂ ಹೆಚ್ಚುಕಡಿಮೆ ಒಂದೇ ಅಳತೆ ಬರಬೇಕು, ಆಗಲೇ ಲೆಕ್ಕಕ್ಕೆ. ಇವನದು ಒಂದಕ್ಕೊಂದು ಹೊಂದಿರಲಿಲ್ಲ. ಇದು ಕೊನೆಯ ಸಲ ಎಂದಿದ್ದರು.

"ನೀನೋಗು ಲವ್," ಎಂದ ವಿಲ್ಫ್ರೆಡಪ್ಪ. "ನಂದು ನಿಧಾನ. ನಿಂಗೆ ತಡ ಆಗತ್ತೆ."

ವೆಂಕಟರತ್ನಮ್ಮ ಹೋದಳು. ಬೆಂಚಿನ ಮೇಲೆ ನನಗೆ ಅದನ್ನೂ ಇದ್ದ ಹಾಗೆ ಹೇಳಿದರು, ಮುಚ್ಚಿಡಲಿಲ್ಲ. ಮುಂದಿನ ಸ್ಟಾಪಿನ ಕಂಬದವರೆಗೂ ಹೋದಳು. ಅಲ್ಲಿಗೆ ಹೋಗಿ ತಿರುಗಿ ನೋಡಿದರೆ ಅವನು ನಿಂತಲ್ಲೇ ಇದ್ದ. ಕೊಟ್ಟಿಗೆಗೂ ಬಾವಿಗೂ ನಡುವೆ ಅಪ್ಪ ಕೂರುತ್ತಿದ್ದ ಚಪ್ಪಡಿ ಕಲ್ಲು ನೆನಪಾಯಿತು. "ಬಾಯಿಗ್ ಬಂದಂಗೆ ಬೈದೆ. ಇಮಕ್ಕೆ, ಬಸ್ಸಿಗೆ, ಆ ಕೆಂಪು ಪೆನ್ನಿಗೆ, ಎಲ್ಲಕ್ಕೂ ಬೈದೆ. ತೆಲುಗಲ್ಲಿ ಬೈದೆ, ಅದ್ರಲ್ಲೇ ಚೆನ್ನಾಗಿ ಬರೋದು. ಬೈಕಂಡೇ ವಾಪಸ್ ಓದೆ."

ಅವನ ತೋಳು ಹಿಡಿದಳು. "ವಿಲ್ಫ್ರೆಡಪ್ಪ, ನಾವಿಬ್ಬರೂ ಈಗ ಬಸ್ಸು. ಸ್ಟಾಪಿನಿಂದ ಸ್ಟಾಪಿಗೆ ಹೋಗೋಣ. ನಾನು ಕಂಡಕ್ಟರ್," ಎಂದಳು ತನ್ನ ಇಂಗ್ಲಿಷಿನಲ್ಲಿ. "ರೈಟ್ ಅಂದರೆ ಹೊರಡೋದು. ಓಲ್ಡಾನ್ ಅಂದರೆ ನಿಲ್ಲೋದು."

"ಓಲ್ಡಾನ್ ಅಂದ್ರೆ ನಿಲ್ಲೋದಾ? ಯಾವೂರಲ್ಲಿ?"

"ಬೂದಿಕೋಟೆಯಲ್ಲಿ."

ಹೀಗೆ ಹೊರಟಿತು ಆ ಬಸ್ಸು. ಸ್ಟಾಪಿನ ಕಂಬ ಬಂದಾಗ "ಓಲ್ಡಾನ್". ಮುದುಕ ಕಂಬ ಹಿಡಿದು ನಿಲ್ಲುವನು, ಹೀಗಾಗಿ ಇಬ್ಬರ ಅರ್ಥವೂ ಸರಿಹೋಯಿತು. ಉಸಿರು ಹದಕ್ಕೆ ಬಂದಾಗ "ರೈಟ್". ಮೀನಿನಂಗಡಿಯ ಎದುರು ಕಲ್ಲುಬೆಂಚಿನ ಹಿಮ ಸೆರಗಿನಿಂದ ಗುಡಿಸಿ ಕೂರಿಸಿದಳು. ಅಡ್ಡದಾರಿ ಹಿಡಿಯಲಿಲ್ಲ, ಅಲ್ಲಿ ಮೆಟ್ಟಿಲಿತ್ತು, ಪುಸ್ತಕದಲ್ಲಿ ಬರೆದಿತ್ತು. ನಾಲ್ಕನೇ ಸ್ಟಾಪಿನಲ್ಲಿ ಚರ್ಚಿನ ಗಡಿಯಾರ ಹನ್ನೆರಡೂ ಹತ್ತು ತೋರಿಸುತ್ತಿತ್ತು. ಅದು ಕೆಟ್ಟು ನಿಂತದ್ದು. ತನ್ನ ಕೈಗಡಿಯಾರ ನೋಡಿದಳು: ಒಂಬತ್ತೂ ಹದಿನೈದು. ಆಮೇಲೆ ಕೈ ತಿರುಗಿಸಿ ನೋಡಲಿಲ್ಲ.

ಕೊನೆಯ ಏರಿನಲ್ಲಿ ಮುದುಕನೇ ಕಂಡಕ್ಟರನಾದ. "ರೈಟ್, ರೈಟ್," ಎಂದು ತನಗೆ ತಾನೇ ಹೇಳಿಕೊಂಡು ಹತ್ತಿದ.

*

ಬಾಗಿಲು ತೆರೆದಾಗ ಒಂಬತ್ತೂ ನಲವತ್ತು. ಒಳಗೆ ಒಲೆಯ ಪಕ್ಕ ಮಿಸೆಸ್ ಕ್ರಾಸ್ಲಿ ಒಬ್ಬರೇ. ಅವರ ಮನೆ ಅದೇ ಬೀದಿಯಲ್ಲಿ. ಒಬ್ಬ ರೋಗಿಯೂ ಬಂದಿರಲಿಲ್ಲ. ರಿಜಿಸ್ಟರ್ ತೆರೆದಿತ್ತು, ಕೆಂಪು ಪೆನ್ನು ಅದರ ಮೇಲಿತ್ತು.

"ನಲವತ್ತು ನಿಮಿಷ," ಎಂದರು ಮಿಸೆಸ್ ಕ್ರಾಸ್ಲಿ. ಪೆನ್ನು ಕೈಗೆತ್ತಿಕೊಂಡರು.

ವೆಂಕಟರತ್ನಮ್ಮ ಹೋಗಿ ರಿಜಿಸ್ಟರಿನ ಮೇಲೆ ಅಂಗೈ ಊರಿದಳು. ಅಂಥ ಕೆಲಸ ಹಿಂದೆಂದೂ ಮಾಡಿದವಳಲ್ಲ. "ಮೇಡಂ, ತಡ ಅಂದರೆ ಏನು? ರೋಗಿ ಕಾಯಬೇಕಾದರೆ ಅದು ತಡ. ಇವತ್ತು ಯಾವ ರೋಗಿ ಕಾದಿದ್ದಾರೆ ತೋರಿಸಿ. ಇದ್ದವರು ಒಬ್ಬರೇ. ಅವರನ್ನು ನಾನು ಕರೆದುಕೊಂಡು ಬಂದಿದ್ದೇನೆ."

ವಿಲ್ಫ್ರೆಡಪ್ಪ ಬಾಯಿ ತೆರೆದ. ಮಾತಿಗೆ ಬೇಕಾದಷ್ಟು ಉಸಿರಿರಲಿಲ್ಲ. ಊರುಗೋಲಿನಿಂದ ನೆಲ ಕುಟ್ಟಿದ, ಎರಡು ಸಲ.

ಮಿಸೆಸ್ ಕ್ರಾಸ್ಲಿ ಕಿಟಕಿಯಾಚೆಯ ಹಿಮ ನೋಡಿದರು. ಇವಳ ಒದ್ದೆ ಸೀರೆ ನೋಡಿದರು. "ಕೈ ತೆಗಿ," ಎಂದರು. "ಮೊದಲು ಅವರಿಗೆ ಬಿಸಿ ಟೀ ಕೊಡು. ಉಸಿರು ಹದಕ್ಕೆ ಬರಲಿ. ಆಮೇಲೆ ಪರೀಕ್ಷೆ ನೀನೇ ಮಾಡು. ರಿಜಿಸ್ಟರಿನ ವಿಷಯ ಆಮೇಲೆ."

ಮುಕ್ಕಾಲು ಗಂಟೆ ಬಿಟ್ಟು ಮುದುಕನನ್ನು ಯಂತ್ರದ ಮುಂದೆ ನಿಲ್ಲಿಸಿದರು. ಪುಸ್ತಕದಲ್ಲಿ ಹೇಳಬೇಕಾದ ಮಾತು ನಾಲ್ಕು ಸಾಲು ಇತ್ತು: ಆಳವಾಗಿ ಎಳೆದುಕೊಳ್ಳಿ, ಪೂರ್ತಿಯಾದಾಗ ತಡೆಹಿಡಿಯಿರಿ, ಇತ್ಯಾದಿ. ಹಿಂದೆ ಎರಡು ಸಲವೂ ಆ ನಾಲ್ಕು ಸಾಲು ಮುಗಿಯುವ ಮುಂಚೆಯೇ ಅವನು ಊದಿಬಿಟ್ಟಿದ್ದ. ಈ ಸಲ ಅವನು ಪುಸ್ತಕದ ಕಡೆ ನೋಡಲಿಲ್ಲ, ಇವಳ ಮುಖ ನೋಡಿದ. ಇವಳೂ ಪುಸ್ತಕ ಮುಚ್ಚಿದಳು.

"ತುಂಬಿಕೊಳ್ಳಿ... ಓಲ್ಡಾನ್!"

ಮುದುಕ ಉಸಿರು ಹಿಡಿದು ಕಂಬದಂತೆ ನಿಂತ.

"ರೈಟ್! ರೈಟ್ ರೈಟ್ ರೈಟ್ ರೈಟ್!"

ಸೂಜಿ ಗೆರೆ ಎಳೆಯಿತು. ನಡುನಡುವೆ ಕೂರಿಸಿ, ಇನ್ನೆರಡು ಸಲ. ಮೂರು ಗೆರೆಯೂ ಒಂದರ ಮೇಲೊಂದು ಕೂತವು. ಮಿಸೆಸ್ ಕ್ರಾಸ್ಲಿ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ರಿಜಿಸ್ಟರ್ ಎಳೆದುಕೊಂಡು, ಕೋಟಿನ ಜೇಬಿನಿಂದ ನೀಲಿ ಪೆನ್ನು ತೆಗೆದು ಬರೆದರು: ಒಂಬತ್ತೂ ನಲವತ್ತು, ರೋಗಿಯ ಜೊತೆ.

"ಅಷ್ಟೇನಾ? ಶಹಬ್ಬಾಸ್ ಅನ್ನಲಿಲ್ಲವಾ?" ಎಂದೆ ನಾನು. ನನಗೆ ಕಣ್ಣು ತುಂಬಿತ್ತು.

"ಅನ್ಲಿಲ್ಲ. ಗುರುವಾರ ಒಂಬತ್ತಕ್ಕೆ ಸರಿಯಾಗಿ ಬಾ ಅಂದ್ರು. ಬಂದೆ. ಆಮೇಲೆ ಒಂದಿನಾನೂ ತಡ ಆಗ್ಲಿಲ್ಲ."

*

ಮುಂದಿನ ಜೂನಿನಲ್ಲಿ ವೆಂಕಟರತ್ನಮ್ಮ ಸರ್ಟಿಫಿಕೇಟ್ ತಂದರು. ಎಂಟು ತಿಂಗಳಿಗೆ ಯಂತ್ರ ಬಂತು. ಮೊದಲ ದಿನ ಯಾರನ್ನು ಕರೆತಂದರು ಎಂದು ಕೇಳಬೇಕಾಗಿರಲಿಲ್ಲ. ದೊಡ್ಡವೆಂಕಟಪ್ಪ ಬೂದಿಕೋಟೆ ಬಸ್ಸನ್ನು ಮನೆಯ ಮುಂದೆಯೇ ನಿಲ್ಲಿಸಿ ಮುನಿಸ್ವಾಮಪ್ಪನವರನ್ನು ಹತ್ತಿಸಿಕೊಂಡನಂತೆ.

ಆಸ್ಪತ್ರೆಯ ಡಾಕ್ಟರು ಪಕ್ಕದಲ್ಲಿದ್ದರು. ಅವರೆದುರು ಮಗಳಿಗೆ ಸಂಕೋಚ. ಇಂಗ್ಲಿಷ್ ಪುಸ್ತಕವನ್ನು ಕಷ್ಟಪಟ್ಟು ಕನ್ನಡಕ್ಕೆ ತಂದು ಬರೆದಿಟ್ಟುಕೊಂಡಿದ್ದನ್ನು ಓದಿದರು. "ಅಪ್ಪ, ಈಗ ಶ್ವಾಸವನ್ನು ಒಳಗೆ ಹಿಡಿದುಕೊಳ್ಳಿ."

"ಎಲ್ಲಿ ಇಡ್ಕಳ್ಳಿ? ಕೈಲಾ?"

ಡಾಕ್ಟರು ತಮಿಳಿನಲ್ಲಿ ಹೇಳಿದರು, ತೆಲುಗಿನಲ್ಲಿ ಹೇಳಿದರು. ಮುನಿಸ್ವಾಮಪ್ಪ ಎಲ್ಲದಕ್ಕೂ ತಲೆಯಾಡಿಸಿ, ಕೊಳವೆ ಬಾಯಿಗಿಟ್ಟು, ತಪ್ಪು ಹೊತ್ತಿಗೆ ಊದಿದರು. ಆಗ ಮಗಳು ಕಾಗದ ಮಡಚಿಟ್ಟರು. ಡಾಕ್ಟರು ಇರುವುದನ್ನು ಮರೆತು, ಬಸ್ಸಿನ ಹಿಂಬಾಗಿಲಲ್ಲಿ ನಿಂತ ಹಾಗೆ ಕೂಗಿದರು.

"ಓಲ್ಡಾನ್!"

ಮುದುಕರ ಎದೆ ಅಲ್ಲೇ ನಿಂತಿತು.

"ರೈಟ್!"

ಊದಿದರು, ಇದ್ದದ್ದನ್ನೆಲ್ಲ. ಮೂರು ಸಲ. ಗೆರೆ ಸ್ವಲ್ಪ ಏರಿತು, ಬೇಗ ಮಲಗಿತು. ಗಟ್ಟಿಯಿರುವವರ ಗೆರೆಗೆ ಹೋಲಿಸಿದರೆ ಅದು ಹೊಲದ ಬದುವಿನಷ್ಟು ಎತ್ತರ. ಮುನ್ಸಾಮಣ್ಣಂದು ಬರೀ ಕೆಮ್ಮು ಎಂದು ಊರಿನವರು ಇಷ್ಟು ವರ್ಷ ತಳ್ಳಿಹಾಕಿದ ಕಾಯಿಲೆಯ ಗೆರೆ ಅದು.

ಮುನಿಸ್ವಾಮಪ್ಪ ಕಾಗದದ ಮೇಲೆ ಬೆರಳಿಟ್ಟರು. "ಇದೇನಾ?"

"ಇದೇ ಅಪ್ಪ."

"ಇಷ್ಟೇನಾ?"

"ಇಷ್ಟೇ."

"ಆಗ್ಲಿ ಬಿಡು. ಇಷ್ಟ್ ದಿನ ಕಾಯ್ಲೆ ಐತೋ ಇಲ್ವೋ ಅನ್ನೋರಿಗೆ ತೋರ್ಸೋಕಾದ್ರೂ ಆತು," ಎಂದರು ಅವರು. ಟವೆಲಿನಿಂದ ಬಾಯಿ ಒರೆಸಿಕೊಂಡರು. "ಎಸ್ರು ಸರಿಯಾಗ್ ಬರ್ದಿದೀಯಾ? ಬೂದಿಕೋಟೆ ಮುನಿಸ್ವಾಮಪ್ಪ ಅಂತ ಬರಿ. ಉರಿಗಾಂನಲ್ಲಿ ಇನ್ನೂ ನಾಕ್ ಜನ ಮುನಿಸ್ವಾಮಪ್ಪಂದ್ರು ಅವ್ರೆ."

ಮಗಳು ಹಾಗೆಯೇ ಬರೆದರು, ನೀಲಿ ಪೆನ್ನಿನಲ್ಲಿ.